ದೇವರಿದ್ದಾನೆಯೇ? ನಂಬಿಕೆ ಮತ್ತು ಸಂದೇಹದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದೇವರಿದ್ದಾನೆಯೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಮಾತಿನ ಉತ್ತರ ಏಕೆ ಸಿಗುವುದಿಲ್ಲ?

ಕೇಳುವವರೆಲ್ಲರೂ ಒಂದೇ ದೇವರ ಬಗ್ಗೆ ಕೇಳುತ್ತಿರುವುದಿಲ್ಲ ಎಂಬುದು ಮೊದಲ ಕಾರಣ. ಜಗತ್ತನ್ನು ಶೂನ್ಯದಿಂದ ಸೃಷ್ಟಿಸಿ, ಎಲ್ಲವನ್ನೂ ಬಲ್ಲವನೂ ಎಲ್ಲವನ್ನೂ ಮಾಡಬಲ್ಲವನೂ ಕರುಣಾಮಯಿಯೂ ಆಗಿ, ಮೊರೆಯಿಟ್ಟವರಿಗೆ ಕಿವಿಗೊಡುವ ದೇವರು ಯೆಹೂದಿ, ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳ ಕಲ್ಪನೆಯ ತಿರುಳು. ಭಾರತದ ತರ್ಕಪರಂಪರೆಯಾದ ನ್ಯಾಯ ದರ್ಶನದ ಈಶ್ವರ ಪರಮಾಣುಗಳನ್ನು ಸೃಷ್ಟಿಸುವುದಿಲ್ಲ. ಮೊದಲೇ ಇರುವ ಪರಮಾಣುಗಳನ್ನು ಜೋಡಿಸಿ ಜಗತ್ತನ್ನು ಕಟ್ಟುತ್ತಾನೆ. ಅದ್ವೈತದ ನಿರ್ಗುಣ ಬ್ರಹ್ಮವನ್ನು ‘ಅವನು’ ಎಂದು ಕರೆಯುವುದೇ ಅಷ್ಟು ಸರಿಯಲ್ಲ. ಇನ್ನೂ 23 ವರ್ಷದವನಿದ್ದಾಗಲೇ, ಅಂದರೆ 1656ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಯೆಹೂದಿ ಸಮುದಾಯದಿಂದ ಬಹಿಷ್ಕಾರಕ್ಕೊಳಗಾದ ತತ್ತ್ವಜ್ಞ ಸ್ಪಿನೋಜಾನ ಪಾಲಿಗೆ ದೇವರು ಮತ್ತು ಪ್ರಕೃತಿ ಒಂದೇ ವಸ್ತುವಿನ ಎರಡು ಹೆಸರುಗಳು. ಆದ್ದರಿಂದ ‘ನಾನು ದೇವರನ್ನು ಒಪ್ಪುವುದಿಲ್ಲ’ ಎಂದು ಯಾರಾದರೂ ಹೇಳಿದಾಗ ‘ಯಾವ ದೇವರನ್ನು?’ ಎಂದು ಕೇಳಿದರೆ ಅರ್ಧ ಜಗಳ ಅಲ್ಲಿಯೇ ಮುಗಿಯುವುದುಂಟು.

ಎರಡನೆಯ ಕಾರಣ ನಮ್ಮ ಮಾತಿನಲ್ಲಿಯೇ ಅಡಗಿದೆ. ‘ದೇವರಿದ್ದಾನೆಂದು ನಂಬುತ್ತೇನೆ’ ಎನ್ನುವುದೂ ‘ದೇವರನ್ನು ನಂಬಿದ್ದೇನೆ’ ಎನ್ನುವುದೂ ಕೇಳಲು ಒಂದೇ ಅನಿಸುತ್ತವೆ, ಆದರೆ ಒಂದೇ ಅಲ್ಲ. ಮೊದಲನೆಯದು ಜಗತ್ತಿನಲ್ಲಿ ಏನಿದೆ ಎಂಬುದರ ಬಗ್ಗೆ ಒಂದು ಹೇಳಿಕೆ. ಅದು ನಿಜವಿರಬಹುದು, ಸುಳ್ಳಿರಬಹುದು. ಎರಡನೆಯದು ಒಬ್ಬರಿಗೆ ತನ್ನ ಭಾರವನ್ನು ಒಪ್ಪಿಸಿಬಿಡುವ ಕ್ರಿಯೆ. ‘ನಿಮ್ಮನ್ನೇ ನಂಬಿದ್ದೇನೆ’ ಎಂದು ಒಬ್ಬ ಮನುಷ್ಯನಿಗೆ ಹೇಳಿದಾಗ ಆ ಮನುಷ್ಯ ಇದ್ದಾನೋ ಇಲ್ಲವೋ ಎಂಬುದರ ಚರ್ಚೆ ಅಲ್ಲಿ ನಡೆಯುತ್ತಿರುವುದಿಲ್ಲ. ತತ್ತ್ವಶಾಸ್ತ್ರದ ವಾದಗಳೆಲ್ಲ ಮೊದಲನೆಯದರ ಸುತ್ತ ಇವೆ, ಜನರ ಬದುಕು ಎರಡನೆಯದರ ಸುತ್ತ ಇದೆ. ಇವೆರಡನ್ನು ಬೆರೆಸಿಕೊಂಡೇ ಹೆಚ್ಚಿನ ವಾಗ್ವಾದಗಳು ನಡೆಯುತ್ತವೆ ಎಂಬುದು ನನ್ನ ಅನಿಸಿಕೆ, ಮತ್ತು ಮುಂದಿನ ಉತ್ತರಗಳಲ್ಲಿ ಈ ವ್ಯತ್ಯಾಸಕ್ಕೆ ಮತ್ತೆ ಮತ್ತೆ ಬರಬೇಕಾಗುತ್ತದೆ.

ಕಣ್ಣಿಗೆ ಕಾಣದ ದೇವರನ್ನು ತರ್ಕದಿಂದ ಸಾಧಿಸಲು ಸಾಧ್ಯವೇ?

ಕಾಣದಿರುವುದು ತಾನಾಗಿಯೇ ಅಡ್ಡಿಯಲ್ಲ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆಯೆಂದು ತಿಳಿಯುತ್ತೇವೆ. ಎಲೆಕ್ಟ್ರಾನನ್ನೂ ಯಾರೂ ಬರಿಗಣ್ಣಿನಿಂದ ಕಂಡಿಲ್ಲ. ಹೀಗೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ದಾರಿಗೆ ತರ್ಕಶಾಸ್ತ್ರದಲ್ಲಿ ‘ಅನುಮಾನ’ ಎಂದು ಹೆಸರು. ಅದೇ ಪದ ಕನ್ನಡದ ಆಡುಮಾತಿನಲ್ಲಿ ಸಂದೇಹ ಎಂಬ ಅರ್ಥಕ್ಕೆ ತಿರುಗಿಕೊಂಡಿರುವುದು ಆಕಸ್ಮಿಕವಿರಬಹುದು; ಆದರೆ ದೇವರ ವಿಷಯದಲ್ಲಿ ಶಾಸ್ತ್ರದ ಅನುಮಾನವನ್ನು ಹಿಂಬಾಲಿಸಿ ಹೊರಟವರನೇಕರು ಆಡುಮಾತಿನ ಅನುಮಾನಕ್ಕೆ ಬಂದು ಮುಟ್ಟಿದ್ದಾರೆ ಎಂಬುದಂತೂ ನಿಜ.

ಈ ದಾರಿಯಲ್ಲಿ ಅತಿ ದೂರ ನಡೆದವರಲ್ಲಿ 10ನೇ ಶತಮಾನದ ಕೊನೆಯ ಭಾಗದ ನ್ಯಾಯ ದಾರ್ಶನಿಕ ಉದಯನಾಚಾರ್ಯರೂ ಒಬ್ಬರು. ಅವರ ‘ನ್ಯಾಯಕುಸುಮಾಂಜಲಿ’ಯ ಉದ್ದೇಶವೇ ಈಶ್ವರನ ಅಸ್ತಿತ್ವವನ್ನು ಸಾಧಿಸುವುದು. ಅಲ್ಲಿನ ಮುಖ್ಯ ವಾದದ ಎಳೆ ಸರಳವಾಗಿದೆ: ಮಡಕೆ ಒಂದು ಕಾರ್ಯ, ಅದಕ್ಕೆ ಕುಂಬಾರನೆಂಬ ಬುದ್ಧಿಯುಳ್ಳ ಕರ್ತೃವಿದ್ದಾನೆ, ಭೂಮಿ ಮೊದಲಾದವು ಕೂಡ ಬಿಡಿಭಾಗಗಳು ಸೇರಿ ಆದ ಕಾರ್ಯಗಳು, ಆದ್ದರಿಂದ ಅವುಗಳಿಗೂ ಬುದ್ಧಿಯುಳ್ಳ ಕರ್ತೃವಿರಬೇಕು.

ಇದಕ್ಕೆ ಬೌದ್ಧ ತಾರ್ಕಿಕ ಧರ್ಮಕೀರ್ತಿ ಮೂರು ಶತಮಾನ ಮೊದಲೇ ಎತ್ತಿದ್ದ ಆಕ್ಷೇಪ ಇಂದಿಗೂ ಹರಿತವಾಗಿಯೇ ಇದೆ. ಮಣ್ಣಿನಿಂದಾದ ಮಡಕೆಗೆ ಕುಂಬಾರನಿದ್ದಾನೆಂಬ ಮಾತ್ರಕ್ಕೆ ಮಣ್ಣಿನಿಂದಾದ ಹುತ್ತಕ್ಕೂ ಕುಂಬಾರನೇ ಕರ್ತೃವೆಂದು ಹೇಳಬೇಕಾಗುತ್ತದಲ್ಲ ಎಂದು ಅವನು ಕೇಳುತ್ತಾನೆ. ಹುತ್ತವನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಈ ಉದಾಹರಣೆಯ ಬಲ ತಿಳಿಯುತ್ತದೆ. ಆಳೆತ್ತರದ ಗೋಪುರ, ಒಳಗೆ ಕವಲೊಡೆದ ಓಣಿಗಳು, ಗಾಳಿಯಾಡಲು ದಾರಿ, ಮಳೆಗೆ ಸುಲಭವಾಗಿ ಕರಗದ ಗೋಡೆ. ನಕ್ಷೆ ಹಾಕಿ ಕಟ್ಟಿದಂತಿದೆ. ಆದರೆ ಕಟ್ಟಿದ ಗೆದ್ದಲುಗಳಲ್ಲಿ ಯಾವೊಂದರ ತಲೆಯಲ್ಲಿಯೂ ನಕ್ಷೆಯಿಲ್ಲ. ಪ್ರತಿಯೊಂದೂ ಪಕ್ಕದ ಉಂಡೆಯನ್ನು ನೋಡಿ ತನ್ನ ಉಂಡೆಯನ್ನಿಡುತ್ತದೆ, ಅಷ್ಟೆ.

ಇಷ್ಟು ಅಚ್ಚುಕಟ್ಟಾದ ಜೀವಜಗತ್ತು ತಾನಾಗಿಯೇ ಹೇಗೆ ಉಂಟಾಗಲು ಸಾಧ್ಯ?

ಇದೇ ಮಡಕೆಯ ವಾದ 1802ರಲ್ಲಿ ಗಡಿಯಾರದ ರೂಪ ತಾಳಿತು. ಬಯಲಿನಲ್ಲಿ ನಡೆಯುವಾಗ ಕಲ್ಲು ಎಡವಿದರೆ ಅದು ಯಾವಾಗಲೂ ಅಲ್ಲಿಯೇ ಇತ್ತೆಂದು ಹೇಳಬಹುದು, ಗಡಿಯಾರ ಸಿಕ್ಕಿದರೆ ಹಾಗೆ ಹೇಳಲಾಗದು ಎಂದು ವಿಲಿಯಂ ಪೇಲಿ ಎಂಬ ಇಂಗ್ಲಿಷ್ ಪಾದ್ರಿ ಬರೆದನು. ಕಣ್ಣಿನಂತಹ ಅಂಗ ಗಡಿಯಾರಕ್ಕಿಂತಲೂ ಜಟಿಲ, ಹಾಗಾಗಿ ಅದರ ಹಿಂದೆ ಒಬ್ಬ ಶಿಲ್ಪಿ ಇದ್ದೇ ಇದ್ದಾನೆ ಎಂಬುದು ಅವನ ತೀರ್ಮಾನ. ವಿದ್ಯಾರ್ಥಿಯಾಗಿದ್ದಾಗ ಪೇಲಿಯ ಬರಹವನ್ನು ಮೆಚ್ಚಿ ಓದಿದ್ದ ಚಾರ್ಲ್ಸ್ ಡಾರ್ವಿನ್ನನೇ 1859ರಲ್ಲಿ ಬೇರೊಂದು ವಿವರಣೆಯನ್ನು ಮುಂದಿಟ್ಟನು. ತಲೆಮಾರಿನಿಂದ ತಲೆಮಾರಿಗೆ ಸಣ್ಣ ವ್ಯತ್ಯಾಸಗಳು ಬರುತ್ತವೆ, ಅವುಗಳಲ್ಲಿ ಬದುಕುಳಿಯಲು ನೆರವಾದವು ಹೆಚ್ಚು ಸಂತಾನಕ್ಕೆ ದಾಟುತ್ತವೆ, ಸಾಕಷ್ಟು ಕಾಲ ಸಿಕ್ಕಿದರೆ ಬೆಳಕು ಕತ್ತಲೆಗಳನ್ನಷ್ಟೇ ಗುರುತಿಸುವ ಚುಕ್ಕೆಯಿಂದ ಮಸೂರವುಳ್ಳ ಕಣ್ಣಿನವರೆಗಿನ ದಾರಿ ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಸಾಗಬಲ್ಲದು. ನಮ್ಮ ಕಣ್ಣಿನಲ್ಲಿ ನರಗಳು ಅಕ್ಷಿಪಟಲದ ಮುಂಭಾಗದಿಂದ ಹಾದು ಒಂದೆಡೆ ಹೊರಬೀಳುವುದರಿಂದ ಅಲ್ಲೊಂದು ಕುರುಡುಚುಕ್ಕೆ ಉಳಿದಿದೆ. ಆಕ್ಟೋಪಸ್ಸಿನ ಕಣ್ಣಿನಲ್ಲಿ ನರಗಳು ಹಿಂದಿನಿಂದ ಬರುವುದರಿಂದ ಆ ದೋಷವಿಲ್ಲ. ಮೊದಲೇ ಯೋಚಿಸಿ ಮಾಡಿದ ಕೆಲಸಕ್ಕಿಂತ, ಇದ್ದುದರಲ್ಲೇ ಸುಧಾರಿಸಿಕೊಂಡು ಬಂದ ಕೆಲಸದ ಗುರುತು ಇದು.

ಇದರಿಂದ ದೇವರಿಲ್ಲವೆಂದು ಸಾಬೀತಾಯಿತೇ? ಇಲ್ಲ. ಜೀವಿಗಳ ಅಚ್ಚುಕಟ್ಟಿನಿಂದ ದೇವರಿಗೆ ಹೋಗುವ ಒಂದು ದಾರಿ ಮುಚ್ಚಿತು. ವಿಕಾಸವೇ ದೇವರು ಆರಿಸಿಕೊಂಡ ವಿಧಾನವೆಂದು ಹೇಳುವ ಆಸ್ತಿಕ ಜೀವವಿಜ್ಞಾನಿಗಳಿದ್ದಾರೆ, ಮತ್ತು ಆ ಮಾತಿನಲ್ಲಿ ತಾರ್ಕಿಕ ವಿರೋಧವೇನೂ ಇಲ್ಲ. ಈಗ ಈ ವಾದ ಭೌತಶಾಸ್ತ್ರಕ್ಕೆ ಸ್ಥಳಾಂತರಗೊಂಡಿದೆ: ನಿಸರ್ಗದ ಕೆಲವು ಸ್ಥಿರಾಂಕಗಳು ತುಸು ಆಚೀಚೆಯಾಗಿದ್ದರೂ ನಕ್ಷತ್ರಗಳಾಗಲಿ ಜೀವವಾಗಲಿ ಇರುತ್ತಿರಲಿಲ್ಲ, ಅವುಗಳನ್ನು ಯಾರೋ ಹದಗೊಳಿಸಿರಬೇಕು ಎಂಬ ವಾದ. ಬೇರೆ ಬೇರೆ ಸ್ಥಿರಾಂಕಗಳುಳ್ಳ ಅನೇಕ ವಿಶ್ವಗಳಿದ್ದರೆ ನಾವು ಬದುಕಬಲ್ಲಂತಹ ವಿಶ್ವದಲ್ಲಿಯೇ ನಾವಿರುವುದರಲ್ಲಿ ಆಶ್ಚರ್ಯವಿಲ್ಲ ಎಂಬುದು ಒಂದು ಪ್ರತಿವಾದ. ಆ ಅನೇಕ ವಿಶ್ವಗಳನ್ನೂ ಯಾರೂ ಕಂಡಿಲ್ಲವೆಂಬುದನ್ನು ಆಸ್ತಿಕರು ನೆನಪಿಸಿದರೆ ಅವರ ಮಾತಿನಲ್ಲಿ ತಪ್ಪಿಲ್ಲ.

ಎಲ್ಲಕ್ಕೂ ಕಾರಣವಿದ್ದ ಮೇಲೆ ಜಗತ್ತಿಗೂ ಒಂದು ಮೊದಲ ಕಾರಣ ಬೇಡವೇ?

ಈ ಪ್ರಶ್ನೆಯನ್ನು ಹೀಗೆಯೇ ಕೇಳಿದರೆ ಮರುಪ್ರಶ್ನೆ ಕಾದಿರುತ್ತದೆ: ಎಲ್ಲಕ್ಕೂ ಕಾರಣವಿರಬೇಕಾದರೆ ದೇವರಿಗೆ ಯಾರು ಕಾರಣ? ದೇವರು ಕಾರಣವಿಲ್ಲದೆ ಇರಬಲ್ಲನಾದರೆ ಜಗತ್ತೇಕೆ ಇರಬಾರದು? ಆದರೆ ಈ ವಾದವನ್ನು ಗಂಭೀರವಾಗಿ ಮಂಡಿಸಿದ ಯಾರೂ ಅಷ್ಟು ಸಡಿಲವಾಗಿ ಮಾತನಾಡಿದವರಲ್ಲ. ‘ಆರಂಭವುಳ್ಳ ಪ್ರತಿಯೊಂದಕ್ಕೂ ಕಾರಣವಿದೆ, ಜಗತ್ತಿಗೆ ಆರಂಭವಿದೆ’ ಎಂಬುದು ಮಧ್ಯಯುಗದ ಇಸ್ಲಾಂ ಚಿಂತಕ ಅಲ್ ಗಝಾಲಿಯ ದಾರಿ. 13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಜಗತ್ತು ಅನಾದಿಯಾಗಿದ್ದರೂ ನಿಲ್ಲುವಂತಹ ವಾದವನ್ನು ಹುಡುಕಿದನು: ಇಲ್ಲದೆಯೂ ಇರಬಹುದಾಗಿದ್ದ ವಸ್ತುಗಳೆಲ್ಲ, ಇರಲೇಬೇಕಾದ ಯಾವುದೋ ಒಂದನ್ನು ಆಧರಿಸಿ ನಿಂತಿರಬೇಕು. 1714ರಲ್ಲಿ ಜರ್ಮನ್ ತತ್ತ್ವಜ್ಞ ಲೈಬ್ನಿಜ್ ಇದನ್ನೇ ಇನ್ನಷ್ಟು ಬಿಡಿಸಿ, ಏನೂ ಇಲ್ಲದಿರುವುದರ ಬದಲು ಏನಾದರೂ ಏಕಿದೆ ಎಂದು ಕೇಳಿದನು.

ನನ್ನ ಮಟ್ಟಿಗೆ, ಆಸ್ತಿಕ ಪಕ್ಷದ ವಾದಗಳಲ್ಲಿ ಸುಲಭಕ್ಕೆ ತಳ್ಳಿಹಾಕಲಾಗದ್ದು ಇದೊಂದೇ. ವಿಜ್ಞಾನ ಒಂದು ಸ್ಥಿತಿಯಿಂದ ಮುಂದಿನ ಸ್ಥಿತಿ ಹೇಗಾಯಿತೆಂದು ಹೇಳಬಲ್ಲದು. ಸ್ಥಿತಿಯೆಂಬುದೇ ಏಕಿದೆ ಎಂಬ ಪ್ರಶ್ನೆ ಅದರ ಕೈಗೆ ಸಿಗುವುದಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರವಿದೆಯೆಂದು ಒಪ್ಪಿದರೂ, ಆ ಉತ್ತರಕ್ಕೆ ಕಿವಿಯಿದೆ, ಕರುಣೆಯಿದೆ, ಮೊರೆ ಅದಕ್ಕೆ ಕೇಳಿಸುತ್ತದೆ ಎಂದು ತೋರಿಸುವ ಕೆಲಸ ಪೂರ್ತಿಯಾಗಿ ಉಳಿದೇ ಇರುತ್ತದೆ. ಇರುವಿಕೆಯ ಆಧಾರವನ್ನು ಒಪ್ಪಿದ ಮಾತ್ರಕ್ಕೆ ಯಾರೂ ಅದನ್ನು ‘ನಂಬಿ’ ನಡೆಯುವುದಿಲ್ಲ.

ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತವನ್ನು ಇಲ್ಲಿ ನೆನೆಯಬೇಕು. ಏಳೇ ಮಂತ್ರಗಳ ಆ ಸೂಕ್ತ ಸೃಷ್ಟಿ ಎಲ್ಲಿಂದ ಬಂತೆಂದು ಕೇಳುತ್ತಾ ಹೋಗಿ, ದೇವತೆಗಳೂ ಸೃಷ್ಟಿಯ ಈಚೆಗೆ ಬಂದವರೇ ಎಂದು ಹೇಳಿ, ಪರಮ ವ್ಯೋಮದಲ್ಲಿದ್ದು ಇದನ್ನು ನೋಡುತ್ತಿರುವವನಿಗೆ ಇದು ತಿಳಿದಿರಬಹುದು, ಅಥವಾ ಅವನಿಗೂ ತಿಳಿಯದಿರಬಹುದು ಎಂದು ನಿಲ್ಲುತ್ತದೆ. ಧರ್ಮಗ್ರಂಥವೊಂದು ತನ್ನ ಪ್ರಶ್ನೆಯನ್ನು ಹೀಗೆ ತೆರೆದಿಟ್ಟು ಮುಗಿಸುವುದು ಅಪರೂಪ.

ದೇವರೆಂಬ ಪರಿಕಲ್ಪನೆಯಿಂದಲೇ ದೇವರನ್ನು ಸಾಧಿಸಿದವರಿದ್ದಾರಂತೆ, ಹೌದೇ?

1077–78ರ ಸುಮಾರಿಗೆ ಸಂತ ಆನ್‌ಸೆಲ್ಮ್ ಅಂತಹ ಪ್ರಯತ್ನ ಮಾಡಿದನು: ಯಾವುದಕ್ಕಿಂತ ಹಿರಿದಾದುದನ್ನು ಯೋಚಿಸಲಾಗದೋ ಅದೇ ದೇವರು, ಅದು ಯೋಚನೆಯಲ್ಲಿ ಮಾತ್ರವಿದ್ದರೆ ನಿಜವಾಗಿಯೂ ಇರುವಂಥದ್ದು ಅದಕ್ಕಿಂತ ಹಿರಿದಾಗುತ್ತದೆ, ಆದ್ದರಿಂದ ಅದು ಇರಲೇಬೇಕು. ಗೌನಿಲೋ ಎಂಬ ಸನ್ಯಾಸಿ, ಇದೇ ಲೆಕ್ಕದಲ್ಲಿ ಅತ್ಯುತ್ತಮವಾದ ದ್ವೀಪವೊಂದು ಎಲ್ಲೋ ಇರಲೇಬೇಕಾಗುತ್ತದಲ್ಲ ಎಂದು ತಮಾಷೆ ಮಾಡಿದನು. ಮನಸ್ಸಿನಲ್ಲಿರುವ ನೂರು ನಾಣ್ಯಗಳಿಗೂ ಜೇಬಿನಲ್ಲಿರುವ ನೂರು ನಾಣ್ಯಗಳಿಗೂ ಪರಿಕಲ್ಪನೆಯಲ್ಲಿ ವ್ಯತ್ಯಾಸವೇ ಇಲ್ಲ, ಇರುವಿಕೆ ಒಂದು ಗುಣವಲ್ಲ ಎಂಬುದು 1781ರಲ್ಲಿ ಜರ್ಮನ್ ತತ್ತ್ವಜ್ಞ ಕಾಂಟ್ ಕೊಟ್ಟ ಉತ್ತರದ ಸಾರ. ಈ ವಾದವನ್ನು ಓದಿ ಆಸ್ತಿಕರಾದ ಒಬ್ಬರನ್ನೂ ನಾನು ಕಂಡಿಲ್ಲ.

ದೇವರು ಕರುಣಾಮಯಿಯಾದರೆ ಜಗತ್ತಿನಲ್ಲಿ ಇಷ್ಟೊಂದು ದುಃಖ ಏಕಿದೆ?

ಜನರು ನಂಬಿಕೆಯನ್ನು ಕಳೆದುಕೊಳ್ಳುವ ಕಾರಣಗಳಲ್ಲಿ ಇದು ಬಹಳ ಹಳೆಯದು ಮತ್ತು ಬಹಳ ಪ್ರಾಮಾಣಿಕವಾದದ್ದು. ತಡೆಯಲು ಶಕ್ತಿಯಿದ್ದೂ ಮನಸ್ಸಿಲ್ಲದಿದ್ದರೆ ಅವನು ಒಳ್ಳೆಯವನಲ್ಲ, ಮನಸ್ಸಿದ್ದೂ ಶಕ್ತಿಯಿಲ್ಲದಿದ್ದರೆ ಸರ್ವಶಕ್ತನಲ್ಲ, ಎರಡೂ ಇದ್ದರೆ ದುಃಖ ಎಲ್ಲಿಂದ ಬಂತು? ಗ್ರೀಸಿನ ಎಪಿಕ್ಯೂರಸ್ಸನ ಹೆಸರಿನಲ್ಲಿ ಉಳಿದುಬಂದಿರುವ ಈ ಪ್ರಶ್ನೆಯನ್ನು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಮತ್ತೆ ಎತ್ತಿದನು. ಅವನ ಆ ಸಂವಾದಗ್ರಂಥ ಅವನು ತೀರಿಕೊಂಡ ಮೂರು ವರ್ಷಗಳ ನಂತರ, 1779ರಲ್ಲಿ ಹೊರಬಂತು.

ಪ್ರಶ್ನೆ ಪುಸ್ತಕದಿಂದ ಬೀದಿಗೆ ಬಂದ ದಿನವೊಂದಿದೆ. 1755ರ ನವೆಂಬರ್ 1ರ ಬೆಳಿಗ್ಗೆ, ಸಕಲ ಸಂತರ ಹಬ್ಬದ ಪ್ರಾರ್ಥನೆಗಾಗಿ ಲಿಸ್ಬನ್ ನಗರದ ಜನರು ಚರ್ಚುಗಳಲ್ಲಿ ನೆರೆದಿದ್ದಾಗ ಭೂಕಂಪವಾಯಿತು. ಕಲ್ಲಿನ ಕಮಾನುಗಳು ಪ್ರಾರ್ಥಿಸುತ್ತಿದ್ದವರ ಮೇಲೆ ಕುಸಿದವು, ಬಯಲಿಗಾಗಿ ನದಿಯ ದಂಡೆಗೆ ಓಡಿದವರನ್ನು ಸುನಾಮಿ ಸೆಳೆದುಕೊಂಡಿತು, ಹಬ್ಬಕ್ಕೆಂದು ಹಚ್ಚಿದ್ದ ಮೋಂಬತ್ತಿಗಳಿಂದಲೂ ಒಲೆಗಳಿಂದಲೂ ಹತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಸಾಧ್ಯವಿರುವ ಜಗತ್ತುಗಳಲ್ಲೆಲ್ಲ ಇದೇ ಅತ್ಯುತ್ತಮವೆಂದು ಲೈಬ್ನಿಜ್ 1710ರಲ್ಲಿ ವಾದಿಸಿದ್ದನು. ಲಿಸ್ಬನ್ನಿನ ಸುದ್ದಿ ಕೇಳಿದ ವೊಲ್ಟೇರ್ ಆ ಮಾತನ್ನು ಮೊದಲು ಕವಿತೆಯಲ್ಲಿಯೂ ನಂತರ ಕಥೆಯಲ್ಲಿಯೂ ಹರಿದುಹಾಕಿದನು. ಅವನಿಗೆ ಕಾಗದ ಬರೆದ ರೂಸೋ, ಆರು ಏಳು ಅಂತಸ್ತಿನ ಇಪ್ಪತ್ತು ಸಾವಿರ ಮನೆಗಳನ್ನು ಅಲ್ಲಿ ಒತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲ ಎಂದನು. ಇದು ದೇವರ ಪರವಾದ ವಕಾಲತ್ತೋ ನಗರ ಯೋಜನೆಯ ವಿಮರ್ಶೆಯೋ ಹೇಳುವುದು ಕಷ್ಟ, ಆದರೆ ಭೂಕಂಪಗಳ ಬಗ್ಗೆ ಅಂದು ಆಡಿದ ಮಾತುಗಳಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ ಇರಬೇಕು.

ಆಸ್ತಿಕರ ಉತ್ತರಗಳಲ್ಲಿ ಮುಖ್ಯವಾದವು ಮೂರು. ಒಂದು, ಸ್ವಾತಂತ್ರ್ಯ: ತಪ್ಪು ಮಾಡಲು ಸಾಧ್ಯವೇ ಇಲ್ಲದವನು ಸರಿಯನ್ನು ಆರಿಸಿಕೊಂಡಂತಾಗುವುದಿಲ್ಲ, ಹಾಗಾಗಿ ಮನುಷ್ಯರನ್ನು ಸ್ವತಂತ್ರರಾಗಿ ಸೃಷ್ಟಿಸಿದ ದೇವರು ಕೇಡಿನ ಸಾಧ್ಯತೆಯನ್ನೂ ಒಪ್ಪಿಕೊಳ್ಳಬೇಕಾಯಿತು. ದೇವರೂ ಕೇಡೂ ಒಟ್ಟಿಗಿರುವುದು ತರ್ಕಕ್ಕೇ ವಿರುದ್ಧವೆಂದು ತತ್ತ್ವಜ್ಞ ಜೆ. ಎಲ್. ಮ್ಯಾಕಿ 1955ರಲ್ಲಿ ವಾದಿಸಿದಾಗ, ಆಸ್ತಿಕ ತತ್ತ್ವಜ್ಞ ಆಲ್ವಿನ್ ಪ್ಲಾಂಟಿಂಗಾ ಈ ಉತ್ತರವನ್ನೇ ಬಿಗಿಗೊಳಿಸಿ, ತಾರ್ಕಿಕ ವಿರೋಧವಿಲ್ಲವೆಂದು ತೋರಿಸಿದನು. ಇದನ್ನು ನಾಸ್ತಿಕ ತತ್ತ್ವಜ್ಞರಲ್ಲಿಯೂ ಅನೇಕರು ಒಪ್ಪಿದ್ದಾರೆ. ಆದರೆ 1979ರಲ್ಲಿ ವಿಲಿಯಂ ರೋ ಪ್ರಶ್ನೆಯನ್ನು ಬೇರೆ ಕಡೆಗೆ ತಿರುಗಿಸಿದನು. ಯಾರೂ ಇಲ್ಲದ ಕಾಡಿನಲ್ಲಿ ಸಿಡಿಲು ಬಡಿದು ಕಾಳ್ಗಿಚ್ಚು ಹತ್ತುತ್ತದೆ, ಒಂದು ಜಿಂಕೆಯ ಮರಿ ಸುಟ್ಟುಕೊಂಡು ದಿನಗಟ್ಟಲೆ ನರಳಿ ಸಾಯುತ್ತದೆ. ಅಲ್ಲಿ ಯಾರ ಸ್ವಾತಂತ್ರ್ಯವೂ ಇಲ್ಲ, ಅದನ್ನು ಕಂಡು ಕರುಣೆ ಕಲಿಯುವವರೂ ಇಲ್ಲ. ಇಂತಹ ಸಾವುಗಳು ಲೆಕ್ಕವಿಲ್ಲದಷ್ಟು ಆಗಿಹೋಗಿವೆ. ಎರಡನೆಯ ಉತ್ತರ, ಕಷ್ಟದಿಂದಲೇ ಧೈರ್ಯ ಕರುಣೆಗಳು ಬೆಳೆಯುತ್ತವೆ ಎಂಬುದು, ಜಿಂಕೆಯ ಮರಿಯ ಎದುರು ನಿಲ್ಲುವುದಿಲ್ಲ.

ಮೂರನೆಯದು ಕರ್ಮಸಿದ್ಧಾಂತ. ಒಬ್ಬನಿಗೆ ಸುಖ ಒಬ್ಬನಿಗೆ ದುಃಖ ಕೊಡುವ ದೇವರು ಪಕ್ಷಪಾತಿಯೂ ನಿರ್ದಯನೂ ಆಗುವುದಿಲ್ಲವೇ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರವೇ ಎತ್ತಿಕೊಂಡು, ಅವನು ಜೀವಿಗಳ ಕರ್ಮವನ್ನು ಅಪೇಕ್ಷಿಸಿ ಫಲ ಕೊಡುವುದರಿಂದ ಆ ದೋಷವಿಲ್ಲ ಎನ್ನುತ್ತದೆ. ಮೊದಲ ಸೃಷ್ಟಿಯಲ್ಲಿ ಕರ್ಮವೆಲ್ಲಿತ್ತು ಎಂದು ಕೇಳಿದರೆ ಸಂಸಾರಕ್ಕೆ ಆದಿಯೇ ಇಲ್ಲ ಎಂದು ಉತ್ತರಿಸುತ್ತದೆ. ತರ್ಕದ ದೃಷ್ಟಿಯಿಂದ ಇದು ಅಚ್ಚುಕಟ್ಟಾಗಿದೆ. ಇದರ ಬೆಲೆ ಬೇರೆ ಕಡೆ ತೆರಬೇಕಾಗುತ್ತದೆ: ನರಳುತ್ತಿರುವ ಮಗುವನ್ನು ತೋರಿಸಿ ‘ಇದು ಅದರದೇ ಹಿಂದಿನ ಸಾಲ’ ಎಂದು ಹೇಳಬೇಕಾಗುತ್ತದೆ, ಮತ್ತು ಆ ಮಾತು ಯಾವ ತಾಯಿಯ ಎದುರಿಗೂ ಬಾಯಿಂದ ಹೊರಡುವಂಥದ್ದಲ್ಲ.

ದೇವರು ಸೃಷ್ಟಿ ಮಾಡಿದ್ದಾದರೂ ಏತಕ್ಕೆ?

ಪ್ರಯೋಜನವಿಲ್ಲದೆ ಮಂದಬುದ್ಧಿಯವನೂ ಕೆಲಸಕ್ಕೆ ಕೈಹಾಕುವುದಿಲ್ಲ ಎಂದು, ವೇದದ ಕರ್ಮಭಾಗವನ್ನು ವಿವರಿಸುವ ಮೀಮಾಂಸಾ ದರ್ಶನದ ಕುಮಾರಿಲ ಭಟ್ಟರು ಕೇಳಿದರು. ಕರುಣೆಯಿಂದ ಸೃಷ್ಟಿಸಿದನೆಂದರೆ, ಸೃಷ್ಟಿಗೆ ಮೊದಲು ಕರುಣೆಗೆ ಪಾತ್ರರಾಗುವವರೇ ಇರಲಿಲ್ಲ. ವೇದಾಂತದ ಉತ್ತರ ‘ಲೀಲೆ’ ಎಂಬ ಒಂದೇ ಪದ. ಆಟಕ್ಕೆ ಆಟವೇ ಪ್ರಯೋಜನವೆಂದು ಒಪ್ಪುವವರಿಗೆ ಇದು ಸಾಕಾಗುತ್ತದೆ.

ಹಾಗಾದರೆ ಕುಮಾರಿಲರು ನಾಸ್ತಿಕರೇ?

ಸಂಪ್ರದಾಯದ ಲೆಕ್ಕದಲ್ಲಿ ಅಲ್ಲ. ವೇದದ ಪ್ರಾಮಾಣ್ಯವನ್ನು ಒಪ್ಪುವವರು ಆಸ್ತಿಕರು, ಒಪ್ಪದವರು ನಾಸ್ತಿಕರು ಎಂಬುದು ದರ್ಶನಗಳ ವಿಂಗಡಣೆ. ಆದ್ದರಿಂದ ಸೃಷ್ಟಿಕರ್ತನನ್ನು ಅಲ್ಲಗಳೆದ ಮೀಮಾಂಸೆಯೂ, ಈಶ್ವರನ ಅಗತ್ಯವಿಲ್ಲದೆಯೇ ಜಗತ್ತನ್ನು ವಿವರಿಸಿದ ಸಾಂಖ್ಯವೂ ಆಸ್ತಿಕ ದರ್ಶನಗಳೇ. ಸೃಷ್ಟಿಕರ್ತನನ್ನು ಒಪ್ಪದಿದ್ದರೂ ತೀರ್ಥಂಕರರನ್ನು ಭಕ್ತಿಯಿಂದ ಪೂಜಿಸುವ ಜೈನರು ನಾಸ್ತಿಕರ ಪಟ್ಟಿಯಲ್ಲಿದ್ದಾರೆ. ಇಂದು ನಾವು ನಾಸ್ತಿಕ ಎನ್ನುವುದು ದೇವರಿಲ್ಲವೆನ್ನುವವರನ್ನು. ಇದ್ದಾನೋ ಇಲ್ಲವೋ ತಿಳಿಯದು, ತಿಳಿಯಲು ದಾರಿಯೂ ಕಾಣದು ಎನ್ನುವ ನಿಲುವಿಗೆ ಅಜ್ಞೇಯತಾವಾದ ಎನ್ನುತ್ತಾರೆ. ಇದರ ಇಂಗ್ಲಿಷ್ ಪದವನ್ನು 1869ರಲ್ಲಿ ಟಿ. ಎಚ್. ಹಕ್ಸ್‌ಲಿ ರೂಪಿಸಿದನು.

ಇಲ್ಲವೆಂದು ಸಾಬೀತು ಮಾಡಲು ಆಗದಿದ್ದ ಮೇಲೆ ಇದ್ದಾನೆಂದು ಒಪ್ಪಬೇಕಲ್ಲವೇ?

ಭೂಮಿಗೂ ಮಂಗಳಗ್ರಹಕ್ಕೂ ನಡುವೆ ಒಂದು ಚಹಾದ ಕೆಟಲು ಸೂರ್ಯನನ್ನು ಸುತ್ತುತ್ತಿದೆ, ಅದು ಯಾವ ದೂರದರ್ಶಕಕ್ಕೂ ಕಾಣದಷ್ಟು ಚಿಕ್ಕದು ಎಂದು ನಾನು ಹೇಳಿದರೆ ಯಾರೂ ಅದನ್ನು ಅಲ್ಲಗಳೆಯಲಾರರು, ಆದರೆ ಒಪ್ಪುವ ಅಗತ್ಯವೂ ಇಲ್ಲ ಎಂದು ಬರ್ಟ್ರಂಡ್ ರಸೆಲ್ 1952ರಲ್ಲಿ ಬರೆದನು. ಇದೆಯೆನ್ನುವವನ ಮೇಲೆಯೇ ಸಾಧಿಸುವ ಹೊಣೆ. ಇಷ್ಟನ್ನು ಒಪ್ಪಿಯೂ ಒಂದು ಮಾತು ಸೇರಿಸಬೇಕು. ಕೆಟಲನ್ನು ನಂಬಿ ಯಾರೂ ಬದುಕನ್ನು ಕಟ್ಟಿಕೊಂಡಿಲ್ಲ, ಅದಕ್ಕಾಗಿ ಯಾರೂ ಹಗೆಯನ್ನು ಕ್ಷಮಿಸಿಲ್ಲ, ಯಾರ ತಲೆಯನ್ನೂ ಕಡಿದಿಲ್ಲ.

ದೇವರಿಲ್ಲವೆಂದು ವಿಜ್ಞಾನ ಸಾಧಿಸಿದೆಯೇ?

ಇಲ್ಲ. ವಿಜ್ಞಾನ ದೇವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕೆಲಸ ಮಾಡುತ್ತದೆ, ಹಾಗೆ ಮಾಡಿದ ಕೆಲಸ ಚೆನ್ನಾಗಿ ನಡೆಯುತ್ತಿದೆ. ಸಿಡಿಲು, ಸಿಡುಬು, ಗ್ರಹಣಗಳಿಗೆ ದೇವರ ಕಡೆ ಬೆರಳು ತೋರಿಸಬೇಕಾದ ಅಗತ್ಯ ಒಂದೊಂದಾಗಿ ಇಲ್ಲವಾದದ್ದು ನಿಜ. ಆದರೆ ಜಾಗ ಕಡಿಮೆಯಾದುದಕ್ಕೂ ಮನೆಯಲ್ಲಿ ಯಾರೂ ಇಲ್ಲವೆನ್ನುವುದಕ್ಕೂ ಅಂತರವಿದೆ.

ಈ ವಿಷಯದಲ್ಲಿ ಎರಡೂ ಕಡೆಯವರು ಜಾರ್ಜ್ ಲಮೆತ್ರ್‌ನನ್ನು ನೆನಪಿಡುವುದು ಒಳ್ಳೆಯದು. ವಿಶ್ವ ಹಿಗ್ಗುತ್ತಿದೆಯೆಂದು 1927ರಲ್ಲಿ ಬರೆದು, ಅದು ಒಂದು ಆದಿಮ ಪರಮಾಣುವಿನಿಂದ ಆರಂಭವಾಗಿರಬಹುದೆಂದು 1931ರಲ್ಲಿ ಸೂಚಿಸಿದ ಈ ಬೆಲ್ಜಿಯಂ ಭೌತವಿಜ್ಞಾನಿ ಕ್ಯಾಥೊಲಿಕ್ ಪಾದ್ರಿಯೂ ಆಗಿದ್ದನು. 1951ರಲ್ಲಿ ಹನ್ನೆರಡನೇ ಪಯಸ್ ಪೋಪರು ಮಹಾಸ್ಫೋಟದ ಸಿದ್ಧಾಂತದಲ್ಲಿ ಸೃಷ್ಟಿಕರ್ತನಿಗೆ ಬೆಂಬಲ ಕಂಡಾಗ ಲಮೆತ್ರ್‌ಗೆ ಅದು ಹಿಡಿಸಲಿಲ್ಲ. ತನ್ನ ಸಿದ್ಧಾಂತ ಅಂತಹ ಪ್ರಶ್ನೆಗಳಿಂದ ಪೂರ್ತಿ ಹೊರಗಿದೆ ಎಂಬುದು ಅವನ ನಿಲುವಾಗಿತ್ತು. ಐನ್‌ಸ್ಟೈನನನ್ನೂ ಎರಡೂ ಕಡೆಯವರು ಎಳೆದಾಡುತ್ತಾರೆ. ಅವನು 1929ರಲ್ಲಿ ತಾನು ನಂಬುವುದು ಸ್ಪಿನೋಜಾನ ದೇವರನ್ನು, ಮನುಷ್ಯರ ಭವಿಷ್ಯ ಮತ್ತು ನಡವಳಿಕೆಗಳ ಗೊಡವೆಗೆ ಬರುವ ದೇವರನ್ನಲ್ಲ ಎಂದು ಸ್ಪಷ್ಟವಾಗಿಯೇ ಹೇಳಿದ್ದನು.

ಪ್ರಾರ್ಥನೆ ಫಲಿಸುತ್ತದೆಯೇ? ಇದನ್ನು ಪರೀಕ್ಷಿಸಿದ್ದಾರೆಯೇ?

ಪರೀಕ್ಷಿಸಿದ್ದಾರೆ. ದೊಡ್ಡ ಪ್ರಮಾಣದಲ್ಲಿ ನಡೆದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅಮೆರಿಕದ 6 ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳನ್ನು ಮೂರು ಗುಂಪು ಮಾಡಲಾಯಿತು. ನಿಮಗಾಗಿ ಪ್ರಾರ್ಥಿಸಬಹುದು ಅಥವಾ ಪ್ರಾರ್ಥಿಸದೆಯೂ ಇರಬಹುದು ಎಂದು ಮೊದಲೆರಡು ಗುಂಪುಗಳಿಗೆ ಹೇಳಿ, ಒಂದಕ್ಕೆ ಮಾತ್ರ ಅಪರಿಚಿತರಿಂದ ಪ್ರಾರ್ಥನೆ ಮಾಡಿಸಲಾಯಿತು; ಮೂರನೆಯ ಗುಂಪಿಗೆ ಖಂಡಿತ ಪ್ರಾರ್ಥಿಸುತ್ತೇವೆಂದು ಹೇಳಿ ಹಾಗೆಯೇ ಮಾಡಲಾಯಿತು. ತೊಡಕುಗಳು ಕಾಣಿಸಿಕೊಂಡದ್ದು ಪ್ರಾರ್ಥನೆ ಪಡೆದ ಗುಂಪಿನ ಶೇ. 52 ಮಂದಿಯಲ್ಲಿ, ಪಡೆಯದ ಗುಂಪಿನ ಶೇ. 51 ಮಂದಿಯಲ್ಲಿ. ಖಚಿತವಾಗಿ ತಿಳಿದಿದ್ದವರಲ್ಲಿ ಶೇ. 59. ‘ನನಗಾಗಿ ಪ್ರಾರ್ಥನೆ ಮಾಡಿಸುವಷ್ಟು ನನ್ನ ಸ್ಥಿತಿ ಕೆಟ್ಟಿದೆಯೇ’ ಎಂಬ ಆತಂಕವೇ ಇದಕ್ಕೆ ಕಾರಣವಿರಬಹುದೆಂದು ಊಹಿಸಿದವರಿದ್ದಾರೆ.

ಪ್ರಾರ್ಥನೆಯನ್ನು ಔಷಧಿಯಂತೆ ನೋಡುವವರಿಗೆ ಇದು ಸಾಕಷ್ಟು ಗಟ್ಟಿಯಾದ ಉತ್ತರ. ಆದರೆ ಪ್ರಾರ್ಥಿಸುವವರೆಲ್ಲ ಫಲಕ್ಕಾಗಿಯೇ ಪ್ರಾರ್ಥಿಸುವುದಿಲ್ಲ. ಕೇಳಿದ್ದು ಸಿಗದ ಮೇಲೂ ಅದನ್ನು ಬಿಡದವರನ್ನು ನೋಡಿದರೆ, ಅಲ್ಲಿ ನಡೆಯುತ್ತಿರುವುದು ಬೇಡಿಕೆಗಿಂತ ಹೆಚ್ಚಾಗಿ ಮಾತುಕತೆ ಎಂದು ತೋರುತ್ತದೆ.

ಮನುಷ್ಯರು ದೇವರನ್ನು ಏಕೆ ನಂಬುತ್ತಾರೆ?

ವಾದಗಳಿಂದಲ್ಲ ಎಂಬುದನ್ನು ಮೊದಲು ಹೇಳಬೇಕು. ಹೆಚ್ಚಿನವರು ಮನೆಯಲ್ಲಿ ಹಿರಿಯರು ಕೈಮುಗಿಯುವುದನ್ನು ನೋಡಿ ಕೈಮುಗಿಯಲು ಕಲಿಯುತ್ತಾರೆ, ಕಾರಣಗಳು ಆಮೇಲೆ ಬರುತ್ತವೆ. ಒಬ್ಬರು ಯಾವ ದೇವರನ್ನು ನಂಬುತ್ತಾರೆಂದು ಊಹಿಸಲು ಅವರ ವಾದಗಳನ್ನು ಕೇಳಬೇಕಿಲ್ಲ, ಹುಟ್ಟಿದ ಮನೆ ತಿಳಿದರೆ ಸಾಕು.

ಆದರೆ ಮೊದಲ ಹಿರಿಯರಿಗೆ ಅದು ಎಲ್ಲಿಂದ ಬಂತು? ಅರಿವಿನ ವಿಜ್ಞಾನ ಕೊಡುವ ಒಂದು ಉತ್ತರವನ್ನು ಯಾರು ಬೇಕಾದರೂ ತಮ್ಮ ಮೇಲೆಯೇ ಪರೀಕ್ಷಿಸಿಕೊಳ್ಳಬಹುದು. ನಡುರಾತ್ರಿ ಎಚ್ಚರವಾಗಿ ಕಣ್ಣು ಬಿಟ್ಟಾಗ ಬಾಗಿಲ ಹಿಂದೆ ಯಾರೋ ನಿಂತಿರುತ್ತಾರೆ. ಎದೆ ಹೊಡೆದುಕೊಳ್ಳುತ್ತದೆ. ದೀಪ ಹಾಕಿದರೆ ಅದು ಮೊಳೆಗೆ ನೇತುಹಾಕಿದ ಅಂಗಿ. ಮನುಷ್ಯನನ್ನು ಅಂಗಿಯೆಂದು ತಿಳಿದು ಮಲಗಿದ್ದ ಉದಾಹರಣೆ ಮಾತ್ರ ಯಾರ ನೆನಪಿನಲ್ಲಿಯೂ ಸುಲಭಕ್ಕೆ ಸಿಗುವುದಿಲ್ಲ. ತಪ್ಪು ಯಾವಾಗಲೂ ಒಂದೇ ದಿಕ್ಕಿನಲ್ಲಿ ಆಗುತ್ತದೆ, ಏಕೆಂದರೆ ಪೊದೆಯ ಸದ್ದನ್ನು ಹುಲಿಯೆಂದು ತಿಳಿದು ಸುಮ್ಮನೆ ಓಡಿದವನಿಗೆ ಆಯಾಸವಷ್ಟೇ ಆಗುತ್ತಿತ್ತು, ಹುಲಿಯನ್ನು ಗಾಳಿಯೆಂದು ತಿಳಿದವನಿಗೆ ಸಂತಾನವೇ ಇರುತ್ತಿರಲಿಲ್ಲ. ಎಲ್ಲದರ ಹಿಂದೆ ‘ಯಾರೋ’ ಇದ್ದಾರೆಂದು ಹುಡುಕುವ ಮನಸ್ಸನ್ನು ನಾವು ಬಳುವಳಿಯಾಗಿ ಪಡೆದಿದ್ದೇವೆ. 1944ರಲ್ಲಿ ಹೈಡರ್ ಮತ್ತು ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು ಎರಡು ತ್ರಿಕೋನಗಳೂ ಒಂದು ವೃತ್ತವೂ ಚಲಿಸುವ ಪುಟ್ಟ ಚಿತ್ರವನ್ನು ತೋರಿಸಿದಾಗ, ನೋಡಿದವರಲ್ಲಿ ಬಹುತೇಕ ಎಲ್ಲರೂ ಅದರಲ್ಲಿ ಜಗಳ, ಹೆದರಿಕೆ, ಪ್ರೀತಿಗಳ ಕಥೆಯನ್ನು ಕಂಡರು.

ಇನ್ನೊಂದು ಮೂಲ ಅನಿಶ್ಚಿತತೆ. ಮೊದಲ ಮಹಾಯುದ್ಧದ ಕಾಲದಲ್ಲಿ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ವಾಸವಿದ್ದ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಗಮನಿಸಿದ ಪ್ರಕಾರ, ಒಳಗಿನ ಶಾಂತವಾದ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಅಲ್ಲಿನ ಜನರು ಯಾವ ಮಂತ್ರವಿಧಿಯನ್ನೂ ಮಾಡುತ್ತಿರಲಿಲ್ಲ, ತೆರೆದ ಕಡಲಿಗೆ ಹೋಗುವಾಗ ವಿಸ್ತಾರವಾಗಿ ಮಾಡುತ್ತಿದ್ದರು. ಕೈಚಳಕ ಸಾಕಾಗುವಲ್ಲಿ ದೋಣಿ ಸಾಕು. ಕೈಮೀರಿದಲ್ಲಿ ಬೇರೊಂದು ಆಸರೆ ಬೇಕು. ಇದರ ಜೊತೆಗೆ ಸಾವಿನ ಭಯ, ಕೂಡಿ ಹಾಡುವುದರ ಸುಖ, ಯಾರೂ ನೋಡದಾಗಲೂ ಒಬ್ಬನು ನೋಡುತ್ತಿದ್ದಾನೆಂಬ ಎಚ್ಚರ ದೊಡ್ಡ ಸಮಾಜಗಳನ್ನು ಹಿಡಿದಿಟ್ಟ ಬಗೆ, ಇವೆಲ್ಲವೂ ಸೇರುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಂಬಿಕೆ ಹೇಗೆ ಹುಟ್ಟಿತೆಂದು ವಿವರಿಸಿದ ಮಾತ್ರಕ್ಕೆ ಅದು ಸುಳ್ಳೆಂದಾಗುವುದಿಲ್ಲ. ಎರಡಕ್ಕೆ ಎರಡು ಸೇರಿದರೆ ನಾಲ್ಕೆಂದು ನಾನು ಬೆತ್ತಕ್ಕೆ ಹೆದರಿ ಕಲಿತಿದ್ದರೂ ಅದು ನಾಲ್ಕೇ. ಆದರೆ ‘ಎಲ್ಲ ಜನಾಂಗಗಳೂ ದೇವರನ್ನು ನಂಬಿವೆ, ಹಾಗಾಗಿ ದೇವರಿದ್ದಾನೆ’ ಎಂಬ ವಾದದ ಬಲ ಮಾತ್ರ ಅಂಗಿಯ ಉದಾಹರಣೆಯಿಂದ ತಗ್ಗುತ್ತದೆ.

ದೇವರನ್ನು ಸ್ವತಃ ಅನುಭವಿಸಿದ್ದೇವೆ ಎನ್ನುವವರ ಮಾತನ್ನು ಹೇಗೆ ಸ್ವೀಕರಿಸಬೇಕು?

ಗೌರವದಿಂದ. ಅವರು ಸುಳ್ಳು ಹೇಳುತ್ತಿದ್ದಾರೆಂದು ಭಾವಿಸಲು ಕಾರಣವಿಲ್ಲ. ಇಂತಹ ಅನುಭವಗಳನ್ನು ವಿಸ್ತಾರವಾಗಿ ಅಧ್ಯಯನ ಮಾಡಿ 1902ರಲ್ಲಿ ಪ್ರಕಟಿಸಿದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್, ಅನುಭವ ಪಡೆದವರ ಮೇಲೆ ಅವುಗಳಿಗೆ ಅಧಿಕಾರವಿರುವುದು ಸಹಜ, ಆದರೆ ಹೊರಗಿನವರು ಅವುಗಳನ್ನು ವಿಮರ್ಶೆಯಿಲ್ಲದೆ ಒಪ್ಪಬೇಕಾದ ಹೊಣೆಯಿಲ್ಲ ಎಂಬ ನಿಲುವಿಗೆ ಬಂದನು. ಬೇರೆ ಬೇರೆ ಧರ್ಮದವರಿಗೆ ಅವರವರ ದೇವರೇ ಕಾಣಿಸಿಕೊಳ್ಳುವುದು ಆಸ್ತಿಕರು ಯೋಚಿಸಬೇಕಾದ ಸಂಗತಿ. ಹೆಸರುಗಳು ಬೇರೆಯಾದರೂ ಅನುಭವದ ವರ್ಣನೆಗಳು ಆಶ್ಚರ್ಯವಾಗುವಷ್ಟು ಹತ್ತಿರವಿರುವುದು ಸಂದೇಹವಾದಿಗಳು ಯೋಚಿಸಬೇಕಾದ ಸಂಗತಿ.

ಜನರಿಗೆ ಸಂದೇಹ ಹೇಗೆ ಹುಟ್ಟುತ್ತದೆ? ಅದು ನಂಬಿಕೆಯ ಕೊನೆಯೇ?

ಓದಿನಿಂದ ಹುಟ್ಟುವ ಸಂದೇಹಕ್ಕಿಂತ ಪೆಟ್ಟಿನಿಂದ ಹುಟ್ಟುವ ಸಂದೇಹ ಆಳವಾದದ್ದು. ಡಾರ್ವಿನ್ನನ ನಂಬಿಕೆ ಸವೆದದ್ದು ವಿಕಾಸದ ಸಿದ್ಧಾಂತದಿಂದ ಮಾತ್ರವಲ್ಲ ಎಂದು ಅವನ ಜೀವನವನ್ನು ಬರೆದ ಹಲವರು ಅಭಿಪ್ರಾಯಪಟ್ಟಿದ್ದಾರೆ. 1851ರಲ್ಲಿ ಹತ್ತು ವರ್ಷದ ಮಗಳು ಆ್ಯನಿ ಅವನ ಕಣ್ಣೆದುರೇ ತೀರಿಕೊಂಡಳು. ಮರಿಹುಳದ ದೇಹದೊಳಗೆ ಬೆಳೆದು ಅದನ್ನು ಜೀವಂತವಾಗಿಯೇ ತಿನ್ನುವ ಕಣಜದ ಮರಿಗಳನ್ನು ಕರುಣಾಳುವಾದ ದೇವರು ಬೇಕೆಂದೇ ಸೃಷ್ಟಿಸಿದನೆಂದು ತನ್ನನ್ನು ಒಪ್ಪಿಸಿಕೊಳ್ಳಲಾಗುತ್ತಿಲ್ಲವೆಂದು 1860ರಲ್ಲಿ ಗೆಳೆಯನಿಗೆ ಬರೆದ ಅವನು, ಈ ವಿಷಯ ಮನುಷ್ಯನ ಬುದ್ಧಿಗೆ ಮೀರಿದ್ದು, ನಾಯಿಯೊಂದು ನ್ಯೂಟನ್ನನ ಮನಸ್ಸಿನ ಬಗ್ಗೆ ಊಹಿಸಿದಂತೆ ಎಂದೂ ಅದೇ ಕಾಗದದಲ್ಲಿ ಸೇರಿಸಿದನು. ಧಾರ್ಮಿಕ ಮುಖಂಡರ ನಡತೆಯನ್ನು ನೋಡಿ ದೂರ ಸರಿಯುವವರೂ ಬಹಳ ಇದ್ದಾರೆ, ಅದು ದೇವರ ವಿರುದ್ಧದ ವಾದವಲ್ಲದಿದ್ದರೂ.

ಸಂದೇಹ ಬಂದವರೆಲ್ಲರೂ ಬಿಟ್ಟು ಹೋಗುವುದಿಲ್ಲ. ಮದರ್ ತೆರೇಸಾ ತೀರಿಕೊಂಡ ಹತ್ತು ವರ್ಷಗಳ ನಂತರ, 2007ರಲ್ಲಿ ಪ್ರಕಟವಾದ ಅವರ ಖಾಸಗಿ ಪತ್ರಗಳಲ್ಲಿ ದಶಕಗಳ ಕಾಲ ದೇವರ ಸಾನ್ನಿಧ್ಯವೇ ಅನುಭವಕ್ಕೆ ಬಾರದ ಕತ್ತಲೆಯ ವರ್ಣನೆಯಿದೆ. ಕೆಲವರು ಇದನ್ನು ಆಷಾಢಭೂತಿತನವೆಂದರು. ನನಗೆ ಹಾಗನಿಸುವುದಿಲ್ಲ. ‘ಇದ್ದಾನೆ’ ಎಂಬ ಖಚಿತತೆ ಕೈಬಿಟ್ಟ ಮೇಲೂ ‘ನಂಬಿದ್ದೇನೆ’ ಎಂಬ ಮಾತಿಗೆ ತಪ್ಪದೆ ನಡೆಯಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ.

ದೇವರಿಲ್ಲದಿದ್ದರೆ ನೀತಿಗೆ ಆಧಾರವೇನು?

ಪ್ಲೇಟೋವಿನ ಒಂದು ಸಂವಾದದಲ್ಲಿ ಸಾಕ್ರಟೀಸ್ ಕೇಳುವ ಪ್ರಶ್ನೆಯನ್ನು ತುಸು ಬದಲಿಸಿ ಕೇಳಬಹುದು: ಒಳ್ಳೆಯದನ್ನು ದೇವರು ವಿಧಿಸಿದ್ದರಿಂದ ಅದು ಒಳ್ಳೆಯದಾಯಿತೇ, ಅಥವಾ ಒಳ್ಳೆಯದಾಗಿದ್ದರಿಂದ ದೇವರು ಅದನ್ನು ವಿಧಿಸಿದನೇ? ಮೊದಲನೆಯದಾದರೆ ಅವನು ಕ್ರೌರ್ಯವನ್ನು ವಿಧಿಸಿದರೂ ಅದೇ ಒಳ್ಳೆಯದಾಗಬೇಕು. ಎರಡನೆಯದಾದರೆ ಒಳಿತು ದೇವರಿಗಿಂತ ಬೇರೆಯಾಗಿಯೇ ನಿಂತಿದೆ. ದೇವರ ಸ್ವಭಾವವೇ ಒಳಿತು ಎಂದು ಹೇಳಿ ಈ ಇಕ್ಕಟ್ಟಿನಿಂದ ಪಾರಾಗಲು ಯತ್ನಿಸಿದವರಿದ್ದಾರೆ. ಬದುಕಿನಲ್ಲಿ ಕಾಣುವುದೇನೆಂದರೆ, ನಂಬುವವರಲ್ಲಿಯೂ ನಂಬದವರಲ್ಲಿಯೂ ಒಳ್ಳೆಯವರಿದ್ದಾರೆ, ಎರಡೂ ಕಡೆ ಕಟುಕರಿದ್ದಾರೆ.

ಯಾವುದಕ್ಕೂ ಇರಲಿ ಎಂದು ನಂಬಿಬಿಡುವುದು ಜಾಣತನವಲ್ಲವೇ?

ದೇವರಿದ್ದರೆ ನಂಬಿದವನಿಗೆ ಅನಂತ ಲಾಭ, ಇಲ್ಲದಿದ್ದರೆ ನಷ್ಟ ಅಲ್ಪ ಎಂಬ ಈ ಲೆಕ್ಕ 17ನೇ ಶತಮಾನದ ಗಣಿತಜ್ಞ ಪಾಸ್ಕಲ್‌ನದು. ಯಾವ ದೇವರ ಮೇಲೆ ಪಣ ಕಟ್ಟಬೇಕೆಂದು ಅದು ಹೇಳುವುದಿಲ್ಲ. ಅಲ್ಲದೆ ಎಲ್ಲವನ್ನೂ ಬಲ್ಲ ದೇವರಿಗೆ ಈ ಲೆಕ್ಕಾಚಾರವೂ ತಿಳಿದೇ ಇರುತ್ತದೆ.

ಇದನ್ನು ಬರೆದವರ ನಿಲುವೇನು?

ಇದ್ದಾನೆಯೇ ಎಂಬ ಮೊದಲ ಪ್ರಶ್ನೆಗೆ ನನ್ನ ಉತ್ತರ ‘ತಿಳಿಯದು’ ಎಂಬುದೇ. ಏನಾದರೂ ಏಕಿದೆ ಎಂಬ ಪ್ರಶ್ನೆ ನನ್ನನ್ನು ಒಂದು ಕಡೆಗೆ ಎಳೆಯುತ್ತದೆ, ಜಿಂಕೆಯ ಮರಿ ಇನ್ನೊಂದು ಕಡೆಗೆ ಎಳೆಯುತ್ತದೆ, ಮತ್ತು ಎರಡನೆಯ ಸೆಳೆತವೇ ಹೆಚ್ಚು ಬಲವಾಗಿದೆ.

ನಂಬಿದ್ದೇನೆಯೇ ಎಂಬ ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ನಡೆದುದನ್ನು ಹೇಳುವುದು ಸುಲಭ. ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರದವರೊಬ್ಬರ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದಾಗ ಆಪರೇಷನ್ ಥಿಯೇಟರಿನ ಹೊರಗೆ ಕುಳಿತಿದ್ದೆ. ಎರಡು ಗಂಟೆ ಎಂದಿದ್ದರು, ನಾಲ್ಕು ಗಂಟೆ ಕಳೆದಿತ್ತು. ಪಕ್ಕದ ಕುರ್ಚಿಯಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಕಣ್ಣುಮುಚ್ಚಿ ತುಟಿಯಲ್ಲೇ ಏನನ್ನೋ ಹೇಳಿಕೊಳ್ಳುತ್ತಿದ್ದವರು ಒಮ್ಮೆ ಕಣ್ಣು ತೆರೆದು, ‘ಒಳಗಿರೋದು ಯಾರಪ್ಪಾ?’ ಎಂದು ಕೇಳಿದರು. ಹೇಳಿದೆ. ‘ಹೆಸರು ಹೇಳು, ಅವರನ್ನೂ ಸೇರಿಸಿಕೊಂಡು ಬೇಡಿಕೊಳ್ತೀನಿ’ ಎಂದರು. 1,802 ರೋಗಿಗಳ ಆ ಅಧ್ಯಯನವನ್ನು ಆಗಲೇ ಓದಿದ್ದೆ, ಅಂಕಿಗಳೂ ನೆನಪಿದ್ದವು. ಹೆಸರು ಹೇಳಿದೆ. ಅವರಿಗೆ ಸರಿಯಾಗಿ ಕೇಳಿಸಲಿಲ್ಲ. ಮುಂದೆ ಬಾಗಿ, ತಪ್ಪಾಗದಿರಲೆಂದು ಒಂದೊಂದೇ ಅಕ್ಷರ ಬಿಡಿಸಿ ಇನ್ನೊಮ್ಮೆ ಹೇಳಿದೆ.